ಬಟನ್ ಮೆಷಿನ್ ನಿಲ್ಲುವ ಚಂದ

ಹೊಲಿಗೆ ಮೆಷಿನ್ ಕೊಳ್ಳುವವರು ಕೇಳುವುದು ಅದರ ಓಟ. ನನಗೋ ಅದು ನಿಲ್ಲುವುದನ್ನು ನೋಡುವ ಆಸೆ. ಅದರಲ್ಲೂ ಗುಂಡಿ ಹಚ್ಚುವ ಮೆಷಿನ್ ಆದರೆ ಎಷ್ಟು ಹೊತ್ತು ಬೇಕಾದರೂ ನೋಡುತ್ತ ನಿಂತೇನು. ಪೀಣ್ಯದ ಗಾರ್ಮೆಂಟ್ಸ್‌ಗಳಿಂದ ಹಿಡಿದು ಪೇಟೆಬೀದಿಯ ಕಾಜಾ-ಬಟನ್ ಅಂಗಡಿಯವರೆಗೆ ಜೂಕಿ ಎಂಬಿ-373ರಂಥ ಮೆಷಿನ್‌ಗಳಿಗೆ ಇನ್ನೂ ಕೆಲಸವಿದೆ. ಪೆಡಲ್ ಒಮ್ಮೆ ಒತ್ತಿದರೆ 8, 16 ಇಲ್ಲವೇ 32 ಹೊಲಿಗೆ ಹಾಕಿ ತಾನೇ ನಿಲ್ಲುತ್ತದೆ, ದಾರವನ್ನೂ ಕತ್ತರಿಸುತ್ತದೆ. ನಿಮಿಷಕ್ಕೆ 1500 ಹೊಲಿಗೆಯ ಓಟ ಅದರದು. ಆ ಓಟದಿಂದ ಸೂಜಿ ಮೇಲಿರುವ ಒಂದೇ ಜಾಗದಲ್ಲಿ ಬಂದು ನಿಲ್ಲಬೇಕು.

ಕೊನೆಯ ಹೊಲಿಗೆಗಳು ಬಂದಾಗ ವೇಗ ತಗ್ಗುತ್ತದೆ, ಮೆಷಿನ್ ನಿಲ್ಲಿಸುವ ಲಿವರ್ ಇಳಿಯುತ್ತದೆ, ಅದರ ಕೊಕ್ಕೆ ತಿರುಗುವ ಕ್ಯಾಮಿನ ಕಚ್ಚಿಗೆ ಬೀಳುತ್ತದೆ. ಆ ಹೊಡೆತವನ್ನು ಸ್ಪ್ರಿಂಗೋ ರಬ್ಬರೋ ನುಂಗಿಕೊಳ್ಳಬೇಕು. ಇದು ಒಂಟಿ ದಾರದ ಸರಪಳಿ ಹೊಲಿಗೆ, ಕೆಳಗೆ ಬಾಬಿನ್ ಇಲ್ಲ. ಕೊಕ್ಕೆ ಕಚ್ಚು ಮುಟ್ಟದೆ ಮೆಷಿನ್ ಅರ್ಧಕ್ಕೆ ನಿಂತರೆ ಕೊನೆಯ ಕುಣಿಕೆ ಬಿಗಿಯಾಗುವುದಿಲ್ಲ. ಆ ಎಳೆ ಹಿಡಿದು ಜಗ್ಗಿದರೆ ಗುಂಡಿ ಕೈಗೇ ಬಂದುಬಿಡುತ್ತದೆ.

ನಿಲ್ಲುವುದಕ್ಕೇ ಹೆಸರಾದ ಯಂತ್ರ ಇನ್ನೊಂದಿದೆ. ಜಪಾನಿನ ಟೊಯೋಡಾ ಸಾಕಿಚಿ 1924ರಲ್ಲಿ ತಂದ ಜಿ ಮಾದರಿ ಮಗ್ಗ, ಹಾಸಿನ ಒಂದೆಳೆ ಕಡಿದರೂ ತಾನೇ ನಿಲ್ಲುತ್ತಿತ್ತು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಕಾರಿನ ಮೂಲ ಈ ಮಗ್ಗದ ಕಂಪನಿಯೇ.

ಇರಲಿ, ನಮ್ಮ ಮೆಷಿನ್‌ಗೆ ಬರೋಣ. "ಅಣ್ಣಾ, ನಿಲ್ತಾನೇ ಇಲ್ಲ, ಒಂದೇ ಗುಂಡಿಗೆ ಎರಡು ಸಲ ಹೊಲೀತಿದೆ" ಎಂದು ಆಪರೇಟರ್ ಕೂಗಿದ ಕೂಡಲೇ ಅಲೆನ್ ಕೀ ಹಿಡಿದು ಸ್ಕ್ರೂ ತಿರುಗಿಸುವ ಮೆಕ್ಯಾನಿಕ್‌ಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲು ಸ್ವಿಚ್ ಆರಿಸಬೇಕು. ಕ್ಲಚ್ ಮೋಟಾರ್ ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಪೆಡಲ್ ತಗುಲಿದರೆ ಬೆರಳು ಹೋದೀತು. ಅದು ಪೂರ್ತಿ ನಿಲ್ಲುವವರೆಗೆ ಕಾಯಲೇಬೇಕು. ಆಮೇಲೆ ಕೈಯಿಂದಲೇ ಒಂದು ಸುತ್ತು ತಿರುಗಿಸಿ ನೋಡಬೇಕು. ಬಟ್ಟೆಯ ಜುಂಗು ಎಣ್ಣೆಯ ಜೊತೆ ಸೇರಿ ಮೇಣದಂತಾಗಿ ಲಿವರನ್ನು ಹಿಡಿದಿರುತ್ತದೆ. ಎಷ್ಟೋ ಸಲ ಒರೆಸಿದರೆ ಮುಗಿಯಿತು. ಇಲ್ಲವಾದರೆ ಕೊಕ್ಕೆಯ ಅಂಚಿಗೆ ಉಗುರು ತಾಗಿಸಿ ನೋಡಿ. ಚೂಪಾಗಿರಬೇಕಾದ ಮೂಲೆ ಸವೆದು ದುಂಡಾಗಿದ್ದರೆ ಕಚ್ಚಿನಿಂದ ಜಾರದೆ ಏನು ಮಾಡೀತು? ಅದಕ್ಕೆ ಅರ ಹಾಕಿ ಚೂಪು ಮಾಡಲು ಹೋಗಬಾರದು. ಮೇಲಿನ ಗಟ್ಟಿ ಪದರ ಹೋದರೆ ಒಳಗಿನ ಮೆತ್ತನೆ ಉಕ್ಕು ಬೇಗನೆ ಸವೆಯುತ್ತದೆ. ಹೊಸದೇ ಹಾಕಬೇಕು.

ನಿಲ್ಲುವಾಗ ಧಡ್ ಎಂದು ಬಡಿದರೆ ರಬ್ಬರ್ ಸತ್ತಿರಬಹುದು, ವೇಗ ತಗ್ಗುವುದು ತಡವಾಗುತ್ತಿರಬಹುದು. ಹೊಂದಾಣಿಕೆಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಚಿಂದಿಬಟ್ಟೆಗೆ ಗುಂಡಿ ಹಾಕಿ ನೋಡುತ್ತ ಹೋಗಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಟಾರ್ಗೆಟ್ ಎಂದು ಅವಸರಪಡಿಸುವ ಸೂಪರ್‌ವೈಸರ್ ಆ ಹೊತ್ತನ್ನು ಕೊಡಲೇಬೇಕು. ಸೂಜಿ ಮುರಿದು ಸಿಡಿದರೆ ಬಡಿಯುವುದು ಮೆಷಿನ್ ಮುಂದೆ ಕೂತ ಹೆಣ್ಣುಮಗಳ ಮುಖಕ್ಕೆ.