ಇನ್ನೊಂದು ಸೌಟು

ತಪಸ್ಸು ಕಾಲದ ಶುಕ್ರವಾರಗಳಲ್ಲಿ ನಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಮಂಗಳೂರು ಕಡೆಯ ಕಥೋಲಿಕರ ಮನೆಗಳಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ. ಮೀನಿಗೆ ಮಾತ್ರ ತಡೆಯಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಶುಕ್ರವಾರ ನಾನೇ ಬಂದರಿಗೆ ಹೋಗಿ ಅಂಜಲ್ ತಂದಿದ್ದೆ, ಜೊತೆಗೆ ಒಂದು ಕಿಲೋ ಸಿಗಡಿ. ಕಾವಲಿಯಿಂದ ಆಗಷ್ಟೇ ಇಳಿದ ಮೂರನೆಯ ತುಂಡಿಗೆ ಕೈ ಹಾಕಿದಾಗ ಅಮ್ಮ ಕೇಳಿದರು: "ಪುತಾ, ಇವತ್ತು ಯಾವ ವಾರ?"

ಅಷ್ಟೇ ಕೇಳಿದ್ದು. ಅವರ ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ, ಅಂಚಿನಲ್ಲಿ ಒಂದು ಮಾವಿನ ಮಿಡಿ.

ನಾನು ನಿಯಮ ಮುರಿದಿರಲಿಲ್ಲ. ಹದಿನಾಲ್ಕು ದಾಟಿದವರು ಮಾಂಸ ಬಿಡಬೇಕು, ಬಿಟ್ಟಿದ್ದೆ. ಬೂದಿ ಬುಧವಾರ ಒಂದೇ ಪೂರ್ತಿ ಊಟ ಮಾಡಬೇಕು, ಮಾಡಿದ್ದೆ. ಆದರೂ ಆ ತುಂಡು ಗಂಟಲಲ್ಲಿ ಇಳಿಯಲಿಲ್ಲ.

ಆರನೇ ಶತಮಾನದಲ್ಲಿ ಪೋಪ್ ಮೊದಲನೇ ಗ್ರೆಗರಿ ಹೊಟ್ಟೆಬಾಕತನಕ್ಕೆ ಐದು ದಾರಿ ಹೇಳಿದರು. ಹೊತ್ತಿಗೆ ಮೊದಲೇ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅಡುಗೆಯಲ್ಲಿ ಅತಿ ನಾಜೂಕು ಹುಡುಕುವುದು, ಅಳತೆ ಮೀರುವುದು, ಆತುರದಿಂದ ಮುಗಿಬೀಳುವುದು. ಕೊನೆಯದಕ್ಕೆ ಅವರು ಕೊಟ್ಟ ಉದಾಹರಣೆ ಏಸಾವ. ಅವನು ಚೊಚ್ಚಲತನದ ಹಕ್ಕನ್ನೇ ಮಾರಿದ್ದು ಮೃಷ್ಟಾನ್ನಕ್ಕಲ್ಲ, ಬೇಳೆಯ ಸಾರಿಗೆ. ಇದನ್ನು ಓದಿದಾಗ ನನಗೆ ದಿಗಿಲಾಯಿತು. ದೋಷ ತಟ್ಟೆಯಲ್ಲಿಲ್ಲ, ಅದರ ಕಡೆಗೆ ಚಾಚುವ ಕೈಯಲ್ಲಿದೆ. ಹಾಗಿದ್ದರೆ ಮಾಂಸ ಬಿಟ್ಟು ಅಂಜಲ್ ತಂದವನು ಬಿಟ್ಟಿದ್ದೇನು?

ಸಂತ ಅಗಸ್ಟೀನರು ತಮ್ಮ 'ಕನ್ಫೆಷನ್ಸ್'ನ ಹತ್ತನೆಯ ಭಾಗದಲ್ಲಿ ಇದೇ ಇಕ್ಕಟ್ಟನ್ನು ತೋಡಿಕೊಂಡಿದ್ದಾರೆ. ಹಸಿವೆಗೆ ಆಹಾರ ಮದ್ದು, ಸರಿ. ಆದರೆ ಮದ್ದು ಕುಡಿಯುವುದೇ ಸುಖವಾದಾಗ, ಬೇಡುತ್ತಿರುವುದು ದೇಹವೋ ಆಸೆಯೋ ಎಂದು ಗೊತ್ತಾಗುವುದಿಲ್ಲ. ಬಿಷಪ್ ಆದ ಮೇಲೂ ಈ ಹೋರಾಟ ಅವರಿಗೆ ಮುಗಿದಿರಲಿಲ್ಲ ಎಂಬುದೇ ನನಗೆ ಆಸರೆ.

ಹಾಗೆಂದು ಅನ್ನದ ಮೇಲೆ ಮುನಿಸು ಬೇಕಿಲ್ಲ. ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸ ಇದ್ದ ಯೇಸುವೇ ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಒದಗಿಸಿದರು. ಹೊಟ್ಟೆಬಾಕ ಎಂಬ ಬೈಗುಳವನ್ನೂ ಕೇಳಿದರು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರನ್ನು ಊಟಕ್ಕೆ ಕರೆದವರೂ ಅವರೇ. ಕಡಲತೀರದವನಾದ ನನಗೆ ಸುವಾರ್ತೆಯಲ್ಲಿ ಇದರಷ್ಟು ಹತ್ತಿರದ ಚಿತ್ರ ಇನ್ನೊಂದಿಲ್ಲ. ಅಲ್ಲಿ ಮೀನು ಬಡಿಸುವವನ ಕೈಯಿಂದ ಬರುತ್ತದೆ, ಯಾರೂ ಕಿತ್ತುಕೊಳ್ಳುವುದಿಲ್ಲ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಪವಿತ್ರಾತ್ಮರ ಫಲಗಳನ್ನು ಪ್ರೀತಿಯಿಂದ ಶುರುಮಾಡಿ ಸಂಯಮಕ್ಕೆ ತಂದು ನಿಲ್ಲಿಸುತ್ತಾರೆ. ಫಲ ಎಂದರೆ ಹಲ್ಲು ಕಚ್ಚಿ ಗಳಿಸುವಂಥದಲ್ಲ. ಬೇರಿಗೆ ನೀರಿದ್ದರೆ ತಡವಾಗಿಯಾದರೂ ಬಿಡುತ್ತದೆ. ಬರೀ ಹಟದಿಂದ ನಾನು ಹಿಡಿದ ವ್ರತಗಳು ಈಸ್ಟರ್ ಮಧ್ಯಾಹ್ನಕ್ಕೇ ಮುರಿದುಬಿದ್ದದ್ದನ್ನು ಕಂಡಿದ್ದೇನೆ.

ಈಗ ಎರಡನೆಯ ಸಲ ಸೌಟಿಗೆ ಕೈ ಹೋದಾಗ ಅದನ್ನು ಪಾತ್ರೆಯಲ್ಲೇ ಬಿಟ್ಟು, ಅನುದಿನದ ಆಹಾರ ಬೇಡುವ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುತ್ತೇನೆ. ಅರ್ಧ ನಿಮಿಷವೂ ಬೇಡ. ಎಷ್ಟೋ ಸಲ ಅಷ್ಟರಲ್ಲಿ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಕೆಲವು ಸಲ ಸೋಲುತ್ತೇನೆ.

ಕಳೆದ ಶುಕ್ರವಾರ ಬಂಗುಡೆ ಪುಳಿಮುಂಚಿ. ಉಳಿದ ನಾಲ್ಕು ತುಂಡುಗಳನ್ನು ಅಮ್ಮ ಸ್ಟೀಲ್ ಡಬ್ಬಿಗೆ ಹಾಕಿ, ಹಿತ್ತಲಾಚೆಯ ಮನೆಯಲ್ಲಿ ಒಬ್ಬರೇ ಇರುವ ಬಾಯಮ್ಮನಿಗೆ ಕೊಟ್ಟು ಬಾ ಎಂದರು. ಕೊಟ್ಟು ಬಂದೆ. ಸಂಜೆ ಡಬ್ಬಿ ತೊಳೆದು ವಾಪಸು ಬಂತು, ಒಳಗೆ ಎಳೆ ಬಸಳೆ ಸೊಪ್ಪು.