ಕಾಲ್ಚೆಂಡೂ ಸಂಖ್ಯಾಶಾಸ್ತ್ರವೂ

ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೋದಿ, 31 ವರ್ಷಗಳ ಕಾಲ ಹಳ್ಳಿಯ ಪ್ರೌಢಶಾಲೆಗಳಲ್ಲಿ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು ಕಾಲ್ಚೆಂಡಾಟವನ್ನು ಕುರಿತು ಲೇಖನಿ ಹಿಡಿದನೆಂದರೆ ವಾಚಕರು ನಕ್ಕಾರು. ನಗಲಿ. ನಾನು ಕೆಲಸಕ್ಕೆ ಸೇರಿದ ವರ್ಷ ನಮ್ಮ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯರಿರಲಿಲ್ಲ. ಇದ್ದವರಲ್ಲಿ ನಾನೇ ಕಿರಿಯವನಾದುದರಿಂದ ಮುಖ್ಯೋಪಾಧ್ಯಾಯರು ಒಂದು ಚೆಂಡನ್ನೂ ಒಂದು ಸೀಟಿಯನ್ನೂ ನನ್ನ ಕೈಗೆ ಕೊಟ್ಟು, ಸಾಯಂಕಾಲ ಹುಡುಗರನ್ನು ಆಡಿಸತಕ್ಕದ್ದೆಂದು ಅಪ್ಪಣೆ ಮಾಡಿದರು. ಪಂಚೆಯನ್ನು ಎತ್ತಿ ಕಟ್ಟಿ ಮೈದಾನಕ್ಕಿಳಿದವನು ಅನೇಕ ವರ್ಷ ಅಲ್ಲಿಂದ ಮೇಲಕ್ಕೆ ಬರಲಿಲ್ಲ. ಆಟದ ವಿಷಯದಲ್ಲಿ ನನಗಿರುವ ಅಧಿಕಾರವು ಇಷ್ಟು ಮಾತ್ರ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗನು ಈಚೆಗೆ ರಜಕ್ಕೆ ಬಂದಿದ್ದಾಗ, "ತಾತ, ಕಣ್ಣಲ್ಲಿ ನೋಡಿ ಇವರು ಗೆಲ್ತಾರೆ, ಅವರು ಸೋಲ್ತಾರೆ ಅನ್ನೋದೆಲ್ಲ ಹಳೇ ಕಾಲದ ಮಾತು. ಈಗ ಅಂಕಿ ಅಂಶಗಳನ್ನು ನೋಡಿದರೆ ಯಾವ ತಂಡ ಮೇಲಕ್ಕೆ ಬರುತ್ತೆ ಅಂತ ಮೊದಲೇ ಹೇಳಬಹುದು" ಎಂದನು. ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳದೆ ಖಂಡನೆಗೆ ತೊಡಗುವುದು ನಮ್ಮ ಗುರುಗಳು ಕಲಿಸಿದ ಪದ್ಧತಿಯಲ್ಲ. ಆದಕಾರಣ ಒಂದು ವಾರ ಅವನಿಂದಲೇ ಪಾಠ ಹೇಳಿಸಿಕೊಂಡೆನು.

ಎಣಿಕೆಯಿಂದ ಅಗೋಚರವಾದುದನ್ನು ತಿಳಿಯಬಹುದೆಂಬ ನಂಬಿಕೆ ನಮಗೇನೂ ಹೊಸದಲ್ಲ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣರಾಜನು ರಥದಲ್ಲಿ ಕುಳಿತಂತೆಯೇ ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಲೆಕ್ಕ ಹೇಳುತ್ತಾನೆ. ನಳನು ನಂಬದೆ ರಥವನ್ನು ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುತ್ತದೆ. ಆ ರಾಜನು ಎಣಿಕೆಯ ಚಾತುರ್ಯವನ್ನೂ ಪಗಡೆಯ ಹೃದಯವನ್ನೂ ಒಂದೇ ವಿದ್ಯೆಯಂತೆ ಹೇಳಿಕೊಂಡನೆಂಬುದನ್ನು ಗಮನಿಸಬೇಕು. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಎಂಬ ಸಣ್ಣ ತಂಡವು 74 ವರ್ಷಗಳ ತರುವಾಯ 2021ರಲ್ಲಿ ಅಲ್ಲಿನ ಅಗ್ರಶ್ರೇಣಿಗೆ ಮರಳಿ ಬಂದಿತಷ್ಟೆ. ಅದರ ಒಡೆಯನಾದ ಮ್ಯಾಥ್ಯೂ ಬೆನ್‌ಹ್ಯಾಮ್ ಎಂಬಾತನು ಐಶ್ವರ್ಯ ಸಂಪಾದಿಸಿದ್ದು ಪಂದ್ಯಗಳ ಮೇಲೆ ಲೆಕ್ಕಾಚಾರದಿಂದ ಪಣವೊಡ್ಡಿ. ಋತುಪರ್ಣನ ಸಂತತಿ ನಿಂತಿಲ್ಲವೆಂದಾಯಿತು!

ಆಟದಲ್ಲಿ ಈ ಎಣಿಕೆಯನ್ನು ಹಠ ಹಿಡಿದು ಮಾಡಿದವರಲ್ಲಿ ಮೊದಲಿಗರು ಚಾರ್ಲ್ಸ್ ರೀಪ್ ಎಂಬ, ಇಂಗ್ಲೆಂಡಿನ ವಿಮಾನಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿ. 1950ನೆಯ ಇಸವಿ ಮಾರ್ಚಿಯಲ್ಲಿ ಸ್ವಿಂಡನ್ ಊರಿನ ಪಂದ್ಯವೊಂದರಲ್ಲಿ ಪುಸ್ತಕ ಪೆನ್ಸಿಲು ತೆಗೆದು, ಚೆಂಡು ಯಾರಿಂದ ಯಾರಿಗೆ ಎಷ್ಟು ಸಲ ಹೋಯಿತೆಂದು ಗುರುತು ಹಾಕತೊಡಗಿದವರು ಜೀವಮಾನವೆಲ್ಲ ಅದನ್ನೇ ಮಾಡಿದರು. ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞರೊಡನೆ 1968ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ತಿಳಿದುಬರುವುದೇನೆಂದರೆ, 100 ಗೋಲುಗಳಲ್ಲಿ ಸುಮಾರು 80, ಮೂರು ಅಥವಾ ಅದಕ್ಕಿಂತ ಕಡಮೆ ಹಸ್ತಾಂತರಗಳಿಂದ (ಪಾದಾಂತರವೆನ್ನುವುದೇ ಯುಕ್ತವೇನೋ) ಆದವು. ಆದುದರಿಂದ ಚೆಂಡನ್ನು ಹಿಂದೆಮುಂದೆ ಸಾಗಿಸುತ್ತ ಕಾಲ ಕಳೆಯದೆ ದೂರಕ್ಕೆ ಒದೆಯುವುದೇ ಲೇಸೆಂದು ರೀಪರು ಸಿದ್ಧಾಂತ ಮಾಡಿದರು. ಆ ದೇಶದ ಎಷ್ಟೋ ತಂಡಗಳು ಇದನ್ನು ವೇದವಾಕ್ಯವೆಂಬಂತೆ ಬಹುಕಾಲ ಅನುಸರಿಸಿದವು.

ಇದನ್ನು ಕೇಳಿದಾಗ ನನ್ನೊಳಗಿನ ತಾರ್ಕಿಕನು ಎದ್ದು ಕುಳಿತನು. ನಮ್ಮ ಶಾಲೆಯಲ್ಲಿ ಒಂದು ಕಾಲದಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಬರುತ್ತಿದ್ದವರೇ. ಬರಿಗಾಲು ವಿದ್ಯೆಗೆ ಸಾಧಕವೆಂದು ಹೇಳೋಣವೇ? ಅನುತ್ತೀರ್ಣರಾದವರೂ ಬರಿಗಾಲಿನವರೇ ಆಗಿದ್ದರಲ್ಲ! ರೀಪರ ಪುಸ್ತಕದಲ್ಲಿಯೇ ನೋಡಿದರೆ, ಆಟದ ಓಟಗಳಲ್ಲಿ 100ಕ್ಕೆ 90ಕ್ಕೂ ಮಿಕ್ಕವು ಮೂರೇ ಹಸ್ತಾಂತರಗಳೊಳಗೆ ಮುಗಿದುಹೋಗುತ್ತಿದ್ದವು. 90 ಪಾಲಿಗಿಂತ ಹೆಚ್ಚಾಗಿರುವ ಗಿಡ್ಡ ಓಟಗಳು 80 ಪಾಲು ಗೋಲುಗಳನ್ನು ಕೊಟ್ಟರೆ, 10 ಪಾಲಿಗಿಂತ ಕಡಮೆಯಾದ ಉದ್ದ ಓಟಗಳು ಉಳಿದ 20 ಪಾಲನ್ನು ಕೊಟ್ಟವು. ಲಾಭ ಯಾವುದರಲ್ಲಿ? ಅನ್ವಯವನ್ನು ಮಾತ್ರ ಕಂಡು ವ್ಯತಿರೇಕವನ್ನು ನೋಡದಿದ್ದರೆ ಹೀಗಾಗುತ್ತದೆ. ಅಂಕಿಗಳು ಸುಳ್ಳು ಹೇಳಿರಲಿಲ್ಲ. ಅವುಗಳನ್ನು ಕೇಳಿದ ಪ್ರಶ್ನೆ ಅರ್ಧವಾಗಿತ್ತು. "ಇದು ಈಗ ಎಲ್ಲರಿಗೂ ಗೊತ್ತು ತಾತ" ಎಂದು ಹುಡುಗನೂ ಒಪ್ಪಿದನು.

ಈಗಿನವರ ಕ್ರಮ ಇದಕ್ಕಿಂತ ಸೂಕ್ಷ್ಮವಾದುದು. ಗೋಲಿನತ್ತ ಒದೆದ ಒಂದೊಂದು ಚೆಂಡಿಗೂ, ಒದೆದ ಸ್ಥಳ, ಕೋನ, ದೂರ ಮುಂತಾದವನ್ನು ಪರಿಶೀಲಿಸಿ, ಹಿಂದೆ ಅಂಥ ಸಹಸ್ರಾರು ಒದೆತಗಳಲ್ಲಿ ಎಷ್ಟು ಫಲಿಸಿದವೆಂಬುದರ ಮೇಲೆ ಬೆಲೆ ಕಟ್ಟುತ್ತಾರೆ. ಪೆನಾಲ್ಟಿಯಾದರೆ ಸುಮಾರು ಮುಕ್ಕಾಲು ಗೋಲು; ಬಹು ದೂರದಿಂದ ಒದೆದರೆ ರೂಪಾಯಿಗೆ ಮೂರು ನಾಲ್ಕು ಪೈಸೆ. ಇವನ್ನೆಲ್ಲ ಕೂಡಿಸಿದರೆ ಬರುವುದು 'ನಿರೀಕ್ಷಿತ ಗೋಲು'. ಎಷ್ಟು ಗೋಲಾಯಿತೆಂಬುದಲ್ಲ, ಎಷ್ಟು ಆಗಬಹುದಾಗಿತ್ತೆಂಬುದು. ಮುಂದಿನ ಸ್ಥಿತಿಯನ್ನು ಊಹಿಸುವುದಕ್ಕೆ, ಆದ ಗೋಲಿಗಿಂತ ಆಗಬೇಕಾಗಿದ್ದ ಗೋಲೇ ಅನೇಕ ವೇಳೆ ಉತ್ತಮವಾದ ಸಾಕ್ಷಿಯಂತೆ. ಫಲಕ್ಕಿಂತ ಕರ್ಮವನ್ನು ನೋಡೆಂಬ ಮಾತನ್ನು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ.

ಇದಕ್ಕೊಂದು ಪ್ರಸಿದ್ಧವಾದ ನಿದರ್ಶನವುಂಟು. ಜರ್ಮನಿಯ ಡಾರ್ಟ್‌ಮುಂಡ್ ತಂಡವು 2014–15ರಲ್ಲಿ ಋತುವಿನ ನಡುವೆ ಕೊನೆಯ ಸ್ಥಾನಗಳಿಗೆ ಇಳಿದು, ಕಡೆಗೆ ಏಳನೆಯದಾಗಿ ನಿಂತಿತು. ಶಿಕ್ಷಕನಾದ ಯೂರ್ಗನ್ ಕ್ಲಾಪನ ಕಾಲ ಮುಗಿಯಿತೆಂದು ಜನ ಆಡಿಕೊಂಡರು. ಲಿವರ್‌ಪೂಲ್ ತಂಡದಲ್ಲಿದ್ದ ಇಯಾನ್ ಗ್ರಹಾಂ ಎಂಬ ಭೌತವಿಜ್ಞಾನದ ಪಂಡಿತರು ಆ ಪಂದ್ಯಗಳನ್ನೆಲ್ಲ ಲೆಕ್ಕ ಹಾಕಿ, ಆಟದ ಗುಣದಿಂದ ಆ ತಂಡ ಎರಡನೆಯ ಸ್ಥಾನಕ್ಕೆ ಯೋಗ್ಯವಾಗಿತ್ತೆಂದೂ, ಕೆಟ್ಟದ್ದು ಅದೃಷ್ಟವೆಂದೂ ಹೇಳಿದರು. ಅದೇ ಕ್ಲಾಪನು 2015ರ ಅಕ್ಟೋಬರಿನಲ್ಲಿ ಲಿವರ್‌ಪೂಲಿಗೆ ಬಂದನು. 2019ರಲ್ಲಿ ಯೂರೋಪಿನ ಪ್ರಶಸ್ತಿಯನ್ನೂ, ಮರುವರ್ಷ 99 ಅಂಕಗಳೊಡನೆ ಇಂಗ್ಲೆಂಡಿನ ಪ್ರಶಸ್ತಿಯನ್ನೂ ಗಳಿಸಿಕೊಟ್ಟನು.

ಹಾಗಾದರೆ ವಾದ ಮುಗಿಯಿತೇ? ಇಲ್ಲ. "ಒಂದು ತಂಡ ಇನ್ನೊಂದಕ್ಕಿಂತ ಎರಡರಷ್ಟು ಬಲವಾದದ್ದು, ಒಂದರ ನಿರೀಕ್ಷಿತ ಗೋಲು 1.8, ಇನ್ನೊಂದರದು 0.9 ಎಂದಿಟ್ಟುಕೋ. ಇಂಥ ಪಂದ್ಯ 100 ನಡೆದರೆ ಬಲಿಷ್ಠನು ಎಷ್ಟು ಗೆಲ್ಲುತ್ತಾನೆ?" ಎಂದು ಕೇಳಿದೆನು. ಪ್ವಾಸೋನ್ ಎಂಬ ಫ್ರೆಂಚ್ ಗಣಿತಜ್ಞರ ಸೂತ್ರದಿಂದ ಹುಡುಗನು ಗುಣಿಸಿ ನೋಡಿದನು: ಗೆಲವು ಸುಮಾರು 59, ಸಮ 23, ಸೋಲು 18. ಎರಡರಷ್ಟು ಬಲವಿದ್ದವನೂ 100ರಲ್ಲಿ 41 ದಿನ ಗೆಲ್ಲದೆ ಮನೆಗೆ ಹೋಗುತ್ತಾನೆ! ಕಾರಣವಿಷ್ಟೆ: ಈ ಆಟದಲ್ಲಿ ಗೋಲುಗಳು ದುರ್ಲಭ. ಒಂದು ಪಂದ್ಯಕ್ಕೆ ಎರಡೂ ಕಡೆಯವು ಸೇರಿ ಮೂರಕ್ಕಿಂತ ಕಡಮೆ. ಬ್ಯಾಸ್ಕೆಟ್‌ಬಾಲಿನಂತೆ ನೂರಾರು ಅಂಕಗಳಿದ್ದರೆ ಅದೃಷ್ಟದ ಏರುತಗ್ಗು ತಾನಾಗಿ ಸಮನಾಗುತ್ತದೆ. ಇಲ್ಲಿ ಅದಕ್ಕೆ ವೇಳೆಯೇ ಇಲ್ಲ. 2022ರ ನವೆಂಬರ್ 22ರಂದು ವಿಶ್ವಕಪ್ಪಿನಲ್ಲಿ, 36 ಪಂದ್ಯಗಳಿಂದ ಸೋಲರಿಯದಿದ್ದ ಅರ್ಜೆಂಟೀನಾ ಸೌದಿ ಅರೇಬಿಯಕ್ಕೆ 1–2ರಲ್ಲಿ ಸೋತಿತು. ಮೊದಲರ್ಧದಲ್ಲಿ ಅದರ ಮೂರು ಗೋಲುಗಳು ಆಫ್‌ಸೈಡೆಂದು ತಳ್ಳಿಹೋದವು. ಅದೇ ತಂಡ ಡಿಸೆಂಬರ್ 18ರಂದು ಕಪ್ಪನ್ನು ಎತ್ತಿಹಿಡಿಯಿತು. 38 ಪಂದ್ಯಗಳ ಋತುವಿಗೆ ಅಂಕಿಗಳು ಒಳ್ಳೆಯ ಪುರೋಹಿತರು, ಒಂದು ಸಂಜೆಗಲ್ಲ. ಋತುವಿಗೂ ಎಲ್ಲ ಕಾಲದಲ್ಲಿ ಅಲ್ಲ: 2015–16ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರಶಸ್ತಿಯನ್ನು ಗೆದ್ದಾಗ, ಆರಂಭದಲ್ಲಿ ಅದರ ಮೇಲೆ ಒಂದಕ್ಕೆ 5000ದ ಪಣವಿತ್ತು.

ಈ ಲೆಸ್ಟರ್ ತಂಡದ ಕಥೆಯಲ್ಲಿಯೇ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ಅವರ ನಡುಪಡೆಯಲ್ಲಿ ಎನ್‌ಗೋಲೋ ಕಾಂಟೆ ಎಂಬ ಕುಳ್ಳಾದ ಆಟಗಾರನಿದ್ದನು. ಎಳೆಯ ವಯಸ್ಸಿನಲ್ಲಿ ಅವನ ಗಾತ್ರವನ್ನು ಕಂಡು ದೊಡ್ಡ ತಂಡಗಳವರು ಬೇಡವೆಂದಿದ್ದರು. ಎದುರಾಳಿಯಿಂದ ಚೆಂಡನ್ನು ಕಿತ್ತುಕೊಳ್ಳುವ ಲೆಕ್ಕದಲ್ಲಿ ಅವನ ಹೆಸರು ಪಟ್ಟಿಯ ತಲೆಯಲ್ಲಿ ಕಾಣಿಸಿಕೊಂಡಿತು. ಲೆಸ್ಟರಿನವರು 2015ರಲ್ಲಿ ಕರೆತಂದರು. ಅಲ್ಲಿ ಒಂದು ಪ್ರಶಸ್ತಿ, ಮರುವರ್ಷ ಚೆಲ್ಸಿ ತಂಡದಲ್ಲಿ ಇನ್ನೊಂದು, 2018ರಲ್ಲಿ ಫ್ರಾನ್ಸಿನ ವಿಶ್ವಕಪ್ಪು. ಕಣ್ಣು ತಳ್ಳಿದವನನ್ನು ಅಂಕಿ ಎತ್ತಿಕೊಂಡಿತು. ಅಂಕಿಗೆ ಮುಖದಾಕ್ಷಿಣ್ಯವಿಲ್ಲ. ಉತ್ತರ ಪತ್ರಿಕೆಯ ಮೇಲೆ ಹೆಸರಿರದೆ ಬರಿಯ ನೋಂದಣಿ ಸಂಖ್ಯೆ ಮಾತ್ರ ಇರುವುದರಿಂದ ಎಷ್ಟು ಬಡ ಹುಡುಗರು ಉದ್ಧಾರವಾದರೆಂಬುದನ್ನು ಉಪಾಧ್ಯಾಯನಾದ ನಾನು ಬಲ್ಲೆನು.

ನಮ್ಮ ಶಾಲೆಯಲ್ಲಿಯೂ ಒಬ್ಬ ಹುಡುಗನಿದ್ದನು. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಓಟವೂ ಸಾಧಾರಣ. ಆದರೆ ಚೆಂಡು ಎಲ್ಲಿಗೆ ಬರುವುದೋ ಅಲ್ಲಿ ಅವನು ಒಂದು ಕ್ಷಣ ಮುಂಚೆಯೇ ಇರುತ್ತಿದ್ದನು. ಕ್ರೀಡಾ ವಸತಿನಿಲಯವೊಂದರ ಆಯ್ಕೆಗೆ ಅವನನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆನು. ಅಲ್ಲಿಯೂ ಅಂಕಿಗಳೇ ಇದ್ದವು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು; ತೂಕ ನೋಡಿದರು; 100 ಮೀಟರು ಓಡಿಸಿ ಗಡಿಯಾರ ಹಿಡಿದರು. ಚೆಂಡನ್ನು ಅವನ ಕಾಲಿಗೆ ಕೊಡುವ ಮೊದಲೇ ಪಟ್ಟಿ ಮುಗಿದಿತ್ತು. ಹಿಂದಿರುಗುವಾಗ ಅವನು ಕಿಟಕಿಯ ಕಡೆಗೆ ಮುಖ ಮಾಡಿಕೊಂಡು, "ಮೇಷ್ಟ್ರೇ, ಇನ್ನೊಂದು ವರ್ಷದಲ್ಲಿ ಉದ್ದ ಆಗ್ತೀನಾ?" ಎಂದು ಕೇಳಿದನು. ಅವನು ಆಗಲಿಲ್ಲ. ಹತ್ತನೆಯ ತರಗತಿಯ ತರುವಾಯ ಆಟವನ್ನೂ ಓದನ್ನೂ ಬಿಟ್ಟು, ಈಗ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ, ಅಚ್ಚುಕಟ್ಟಾಗಿ ಬರೆಯುತ್ತಾನೆ.

ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ತಪ್ಪಾಗಿದ್ದು ಎಣಿಸಿದ್ದರಿಂದಲ್ಲ ತಾತ, ಬೇರೇದನ್ನ ಎಣಿಸಿದ್ದರಿಂದ" ಎಂದನು. ನ್ಯಾಯವಾದ ಉತ್ತರ. ಆ ಹುಡುಗನು ಒಂದು ಆಟದಲ್ಲಿ ಎಷ್ಟು ಸಲ ಚೆಂಡನ್ನು ಕಿತ್ತುಕೊಂಡನೆಂದು ಯಾರಾದರೂ ಬರೆದಿಟ್ಟಿದ್ದರೆ ಆ ಕಾಗದವು ಗಡಿಯಾರಕ್ಕೂ ಅಳತೆಗೋಲಿಗೂ ಉತ್ತರ ಹೇಳುತ್ತಿತ್ತು. ಶ್ರೀಮಂತ ತಂಡಗಳ ಮೈದಾನಗಳಲ್ಲಿ ಈಗ ಒಂದು ಸೆಕೆಂಡಿಗೆ 25 ಸಲ ಪ್ರತಿಯೊಬ್ಬನ ಸ್ಥಾನವನ್ನೂ ಗುರುತಿಸುವ ಕ್ಯಾಮೆರಾಗಳಿವೆಯಂತೆ. ಚೆಂಡಿಲ್ಲದಾಗ ಆಟಗಾರನು ಎಲ್ಲಿ ನಿಂತಿದ್ದನೆಂಬುದೂ ಅವುಗಳಿಗೆ ತಿಳಿಯುವುದಂತೆ. ನಮ್ಮ ಹುಡುಗನ ವಿದ್ಯೆಯೆಲ್ಲ ಇದ್ದದ್ದು ಅಲ್ಲಿಯೇ. ನಮ್ಮ ತಾಲ್ಲೂಕಿನ ಮೈದಾನದಲ್ಲಿ ಸುಣ್ಣದ ಗೆರೆಯನ್ನು ಹಾಕುವುದಕ್ಕೂ ಈ ವರ್ಷ ಹಣ ಮಂಜೂರಾಗಲಿಲ್ಲ.