ಓಕೆ ಅದ್ರಿ!

ಬೀದರಿನ ಚೌಬಾರಾ ಸುತ್ತಮುತ್ತ ಯಾವ ಹೋಟೆಲಿನಲ್ಲಾದರೂ ಕೂತು ಕಿವಿಗೊಡಿ. ‘ಹೌದ್ರಿ’, ‘ಆಯ್ತ್ರಿ’, ‘ಠೀಕ್ ಅದ’, ‘ಬರೋಬರಿ ಅದ’ ಎಲ್ಲವೂ ಕೇಳುತ್ತವೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಲೆತ ಈ ಊರಿಗೆ ಒಪ್ಪಿಗೆ ಸೂಚಿಸಲು ಮಾತಿನ ಬರವಿಲ್ಲ. ಆದರೂ ಯಾರೂ ಕರೆಯದೆ ಬಂದು ಕೂತವನೊಬ್ಬನಿದ್ದಾನೆ: ‘ಓಕೆ ಅದ್ರಿ!’

ಈ ಆಸಾಮಿಯ ಊರು ಯಾವುದು? ಕೇಳಿದರೆ ಹತ್ತು ಕಡೆಯಿಂದ ನೆಂಟರು ಎದ್ದು ಬರುತ್ತಾರೆ. ಅಮೆರಿಕದ ಮೂಲನಿವಾಸಿ ಚಾಕ್ಟಾ ಜನರ ಮಾತು ಅದು ಎಂಬುದು ಒಂದು ವಾದ. ಅಧ್ಯಕ್ಷ ವುಡ್ರೋ ವಿಲ್ಸನ್ನರು ಇದನ್ನೇ ನಂಬಿ ‘ಓಕೆಹ್’ ಎಂದು ಬರೆಯುತ್ತಿದ್ದರಂತೆ. ಗ್ರೀಕರದು, ಸ್ಕಾಟ್‌ಲೆಂಡಿನವರದು, ಪಶ್ಚಿಮ ಆಫ್ರಿಕದ ವೊಲೊಫ್ ಭಾಷೆಯದು ಎನ್ನುವವರೂ ಇದ್ದಾರೆ.

ಇಂಥ ಜಗಳ ಬೀದರಿಗೆ ಹೊಸದಲ್ಲ. ಊರಿನ ಹೆಸರು ವಿದುರನಿಂದ ಬಂತು ಎನ್ನುವವರು ಒಂದು ಕಡೆ, ಬಿದಿರಿನಿಂದ ಬಂತು ಎನ್ನುವವರು ಇನ್ನೊಂದು ಕಡೆ. ನಳ–ದಮಯಂತಿಯರ ವಿದರ್ಭವೇ ಇದು ಎನ್ನುವವರಿಗೂ ಕೊರತೆಯಿಲ್ಲ. ನನ್ನ ಒಲವು ಬಿದಿರಿನ ಕಡೆಗೆ. ಆದರೆ ಮಹಾಭಾರತದ ಮಂತ್ರಿಯ ಎದುರು ಬಡ ಬಿದಿರುಮೆಳೆ ಎಲ್ಲಿ ನಿಂತೀತು! ದೊಡ್ಡವರ ಹೆಸರಿರುವ ಕಥೆಗೇ ಜನ ಸೋಲುವುದು.

ಓಕೆಯ ವಿಷಯದಲ್ಲಿ ಮಾತ್ರ ಕಾಗದದ ಸಾಕ್ಷಿ ಸಿಕ್ಕಿದೆ. ಹುಡುಕಿ ತೆಗೆದವರು ಅಲೆನ್ ವಾಕರ್ ರೀಡ್ ಎಂಬ ಭಾಷಾಪಂಡಿತರು. 1960ರ ದಶಕದಲ್ಲಿ ಅದನ್ನು ಪ್ರಕಟಿಸಿದರು. 1839ರ ಮಾರ್ಚ್ 23ರ ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ‘ಓ.ಕೆ.’ ಅಚ್ಚಾಗಿದೆ, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂಬ ಅರ್ಥವೂ ಇದೆ. ಬೇಕೆಂದೇ ಕಾಗುಣಿತ ಕೆಡಿಸಿ, ಆ ಕೆಟ್ಟ ಕಾಗುಣಿತದ ಮೊದಲಕ್ಷರಗಳನ್ನಷ್ಟೇ ಬರೆಯುವುದು ಆಗಿನ ಪತ್ರಕರ್ತರ ಚೇಷ್ಟೆ. ಹಾಗೆಯೇ ‘ಆಲ್ ರೈಟ್’ ಎನ್ನಲು ‘ಓ.ಡಬ್ಲ್ಯು.’ ಎಂಬುದೂ ಇತ್ತು. ಪಾಪ, ಅದು ಸತ್ತೇ ಹೋಯಿತು.

ಓಕೆಯನ್ನು ಉಳಿಸಿದ್ದು ಚುನಾವಣೆ. 1840ರಲ್ಲಿ ಮತ್ತೆ ಗೆಲ್ಲಲು ನಿಂತ ಅಧ್ಯಕ್ಷ ವ್ಯಾನ್ ಬ್ಯೂರನ್ನರ ಊರು ಕಿಂಡರ್‌ಹುಕ್. ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂದು ಓ.ಕೆ. ಕ್ಲಬ್ಬು ಕಟ್ಟಿದರು. ಎದುರಾಳಿಗಳು ಬಿಟ್ಟಾರೆಯೇ? ಹಿಂದಿನ ಅಧ್ಯಕ್ಷ ಜಾಕ್ಸನ್‌ಗೆ ಕಾಗುಣಿತ ಬರದು, ಅವರ ತಪ್ಪು ಬರಹವೇ ಓಕೆ ಎಂದು ಹಬ್ಬಿಸಿದರು. ವ್ಯಾನ್ ಬ್ಯೂರನ್ ಸೋತರು, ಓಕೆ ಗೆದ್ದಿತು. ಗಾಳಿಸುದ್ದಿಯೂ ಗೆದ್ದಿತು, ಇವತ್ತಿಗೂ ಅದನ್ನೇ ಇತಿಹಾಸವೆಂದು ಹೇಳುವವರಿದ್ದಾರೆ.

ಪತ್ರಕರ್ತರ ಓ.ಕೆ.ಯಂತೆ ಹೊರಗೆ ಬರೆದದ್ದೊಂದು, ಒಳಗಿರುವುದೊಂದು ಎಂದಾಗ ಭಾಲ್ಕಿಯ ಚನ್ನಬಸವ ಪಟ್ಟದೇವರು ನೆನಪಾಗುತ್ತಾರೆ. ನಿಜಾಮರ ಕಾಲದಲ್ಲಿ ಅವರ ಶಾಲೆಗೆ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಅವರದು ಚೇಷ್ಟೆಯಲ್ಲ, ಧೈರ್ಯ. ಇನ್ನು ಔರಾದಿನವರು ಊರ ಹೆಸರಿನ ಪಕ್ಕ ‘ಬಿ’ ಎಂದು ಬರೆಯುತ್ತಲೇ ಇದ್ದಾರೆ. ಅದರ ಬಿಡಿಸಿದ ರೂಪ ಕೇಳಿಕೊಂಡು ಯಾರೂ ಬಸ್ಸು ಹತ್ತುವುದಿಲ್ಲ. ಅಕ್ಷರ ಚಲಾವಣೆಗೆ ಬಂದಮೇಲೆ ಜಾತಕ ಯಾರಿಗೆ ಬೇಕು?

ಆದರೂ ಯಾರಾದರೂ ಓಕೆಗೆ ಚಂದದ ಕಥೆ ಹೇಳಿದರೆ ಒಂದೇ ಪ್ರಶ್ನೆ ಕೇಳಿ: 1839ಕ್ಕಿಂತ ಹಿಂದಿನ ಕಾಗದ ಅದ ಏನ್ರಿ?